ಸಾತಪ್ಪಜ್ಜನ ಎಲೆ

ನಾನು ದೇವರನ್ನು ನಂಬುವವಳು. ವಿಠೋಬನಿಗೆ ಒಂದು ಹೂವು ಏರಿಸದೆ ಬೆಳಗಿನ ಚಹಾ ಕುಡಿದವಳಲ್ಲ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿದ್ದರೂ, ನಲ್ಲಿಯ ನೀರು ನಿಲ್ಲುವ ಮೊದಲೇ ಬಟ್ಟೆ ಒಗೆದು ಮುಗಿದರೂ ಅದು ಅವನ ದಯೆ ಎಂದೇ ಎಣಿಸುತ್ತೇನೆ. ಆದರೆ ಹಲ್ಲಿ ನುಡಿಯಿತು, ಬೆಕ್ಕು ಅಡ್ಡ ಬಂತು, ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ, ಇಂಥ ಮಾತುಗಳನ್ನು ಮಾತ್ರ ನಾನು ನಂಬುತ್ತಿರಲಿಲ್ಲ. ದೇವರಿಗೆ ಬೇರೆ ಕೆಲಸವಿಲ್ಲವೇ ಎನ್ನುತ್ತಿದ್ದೆ. ಈಗ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ನೆಟ್ಟಗೆ ಉತ್ತರ ಕೊಡಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮದು ಬೆಳಗಾವಿ ಕಡೆಯ ಮನೆತನ. ಮಾವನವರು ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು, ಆಮೇಲೆ ನಮ್ಮವರೂ ಅಲ್ಲೇ ಹತ್ತಿದರು. ನಾನು ಮದುವೆಯಾಗಿ ಬಂದಾಗ ಅತ್ತೆಯ ತಾಯಿಯೂ ಈ ಮನೆಯಲ್ಲೇ ಇದ್ದರು. ಅವರಿಗೆ ಗಂಡುಮಕ್ಕಳಿಲ್ಲ, ಅತ್ತೆ ಒಬ್ಬಳೇ ಮಗಳು. ಎಲ್ಲರೂ ಅವರನ್ನು ಆಯಿ ಎಂದು ಕರೆಯುತ್ತಿದ್ದರು. ಮುಪ್ಪಿನ ವಯಸ್ಸಿನಲ್ಲೂ ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಹೊಸ ಸೊಸೆ ನಾನು, ತಡೆಯಲಾರದೆ ಒಂದು ದಿನ ಅಜ್ಜ ಎಲ್ಲಿ ಎಂದು ಕೇಳಿದೆ. "ಇಟಲ್ಯಾಗ ಅದಾರ" ಎಂದರು, ಇಲ್ಲೇ ಸ್ವಾರಗೇಟಿನ ಬಸ್‌ಸ್ಟ್ಯಾಂಡಿನ ತನಕ ಹೋಗಿದ್ದಾರೆ ಎನ್ನುವ ಹಾಗೆ.

ಆಯಿಯ ಗಂಡ ಸಾತಪ್ಪಜ್ಜ ಎರಡನೆಯ ಮಹಾಯುದ್ಧದಲ್ಲಿ ಫೌಜು ಸೇರಿ ಮುಂಬಯಿಯಲ್ಲಿ ಹಡಗು ಹತ್ತಿದವರು. ಆಗ ಅತ್ತೆ ಇನ್ನೂ ಹೊಟ್ಟೆಯಲ್ಲಿದ್ದರು. ಮೊದಲು ಈಜಿಪ್ತಿನ ಮರಳು, ಆಮೇಲೆ ಇಟಲಿಯ ಗುಡ್ಡ. ಜೊತೆಗಿದ್ದ ಊರವನೊಬ್ಬ ಯುದ್ಧ ಮುಗಿದ ಮೇಲೆ ಮರಳಿ ಬಂದು ಹೇಳಿದ್ದು ಇಷ್ಟೇ: ಹೊಳೆ ದಾಟುವಾಗ ಸಾತಪ್ಪ ತನ್ನ ಮುಂದೆಯೇ ಇದ್ದ, ಆಚೆ ದಂಡೆ ಹತ್ತಿ ನೋಡಿದರೆ ಇರಲಿಲ್ಲ. ಹೆಣ ಕಂಡವರಿಲ್ಲ. ಅಲ್ಲೇ ಯಾವಳೋ ಬಿಳಿ ಹೆಂಗಸಿನ ಮನೆ ಸೇರಿಕೊಂಡಿರಬೇಕು ಎಂದು ಊರಲ್ಲಿ ಕೆಲವರು ನಗುತ್ತಿದ್ದರಂತೆ. ಆಯಿಗೆ ಅದಕ್ಕೂ ಸಿಟ್ಟು ಬರುತ್ತಿರಲಿಲ್ಲ. "ಇರವಲ್ರ್ಯಾಕ. ಆಕಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡದ ಹಾಕಿದ್ರ ಆತು" ಎನ್ನುತ್ತಿದ್ದರು.

ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಆಯಿಯ ಹತ್ತಿರ ಇದ್ದ ಆಧಾರ ಒಂದೇ, ಬಿಕ್ಕಳಿಕೆ. ಬಿಕ್ಕಳಿಕೆ ಬಂದಾಗ ನೆನೆಸುತ್ತಿರುವವರ ಹೆಸರು ಹೇಳಿದರೆ ಅದು ನಿಲ್ಲುತ್ತದೆ ಎನ್ನುತ್ತಾರಲ್ಲ, ಆಯಿಯ ಬಿಕ್ಕಳಿಕೆ ಗಂಡನ ಹೆಸರಿಗಷ್ಟೇ ನಿಲ್ಲುತ್ತಿತ್ತಂತೆ. ಆದರೆ ಗಂಡನ ಹೆಸರನ್ನು ಆಯಿ ಬಾಯಿಂದ ಆಡುವಂತಿಲ್ಲ. ಅದಕ್ಕೆ ಆ ಕೆಲಸ ಮಗಳ ಪಾಲಿಗೆ ಬಂತು. ಅತ್ತೆ ಚಿಕ್ಕವರಿದ್ದಾಗ ಕುಂಟಾಟ ಆಡುತ್ತಿದ್ದವರು ಓಡಿ ಬಂದು "ಸಾತಪ್ಪ, ಸಾತಪ್ಪ" ಎಂದು ಹೇಳಿ ಮತ್ತೆ ಆಟಕ್ಕೆ ಓಡುತ್ತಿದ್ದರಂತೆ. ಮುಖವನ್ನೇ ನೋಡದ ಅಪ್ಪನೊಂದಿಗೆ ಅವರಿಗಿದ್ದ ಬಳಕೆ ಅಷ್ಟೇ. ನಾನೂ ಒಂದೆರಡು ಸಲ ಕಣ್ಣಾರೆ ಕಂಡೆ. ಮಗಳು ಬಂದು ಹೆಸರು ಹೇಳುವಷ್ಟು ಹೊತ್ತಿನಲ್ಲಿ ಯಾವ ಬಿಕ್ಕಳಿಕೆಯಾದರೂ ನಿಲ್ಲುತ್ತದೆ ಎಂದುಕೊಂಡೆ. ಆಯಿ ತೀರಿಕೊಂಡಾಗ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮುತ್ತೈದೆಯಾಗಿಯೇ ಕಳಿಸಿದೆವು.

ಪಿತೃಪಕ್ಷದ ಅಮಾವಾಸ್ಯೆಯ ದಿನ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದು ಬಾಳೆಎಲೆ ಹಾಕಿ, ಮಾಡಿದ ಅಡುಗೆಯನ್ನೆಲ್ಲ ಬಡಿಸಿ, ದೀಪ ಹಚ್ಚಿ ಎಡೆ ಇಡುತ್ತೇವೆ. ಆಯಿಗೂ ಒಂದು ಎಲೆ ಸೇರಿತು. ಸಾತಪ್ಪಜ್ಜನಿಗೆ ಇಲ್ಲ. ಬದುಕಿದ್ದವರಿಗೆ ಎಡೆ ಇಟ್ಟರೆ ಕೈಯಾರೆ ಕೊಂದ ಹಾಗೆ ಎಂದು ಆಯಿ ಮಗಳಿಂದ ಮಾತು ತೆಗೆದುಕೊಂಡಿದ್ದರು.

ನಾನು ಹೇಳುತ್ತಿರುವುದು ಹತ್ತು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ಅತ್ತೆ ಎದೆನೋವು ಬಂದು ಆಸ್ಪತ್ರೆ ಕಂಡು ಬಂದರು. ದೇವರ ದಯೆ, ಹೊತ್ತಿಗೆ ರಿಕ್ಷಾ ಸಿಕ್ಕಿತು, ಉಳಿದರು. ಆದರೆ ಮನೆಗೆ ಬಂದ ಮೇಲೆ ಅವರಿಗೆ ಒಂದೇ ಚಿಂತೆ ಹತ್ತಿತು. "ನಾ ಹೋದಮ್ಯಾಲ ನಮ್ಮಪ್ಪನ ಹೆಸರ ತಗೊಳ್ಳಾವ್ರ ಯಾರ? ಸತ್ತು ಇಷ್ಟ ವರ್ಷ ಹಸಕೊಂಡ ಕುಂತಿದ್ರ ಹೆಂಗ? ಈ ಸಲ ಅವಗೂ ಎಲಿ ಹಾಕ್ರಿ" ಎಂದರು. ಮಗಳ ಮಗನೂ ಇಡಬಹುದು ಎಂದು ಭಟ್ಟರು ಹೇಳಿದ್ದರಿಂದ ನಮ್ಮವರು ಒಪ್ಪಿದರು. ಅಮಾವಾಸ್ಯೆಯ ಮುನ್ನಾದಿನ ಅತ್ತೆಗೆ ಮತ್ತೆ ಅನುಮಾನ. "ಜೀವಂತ ಇದ್ದನಂದ್ರ?"

"ಅವ್ವಾ, ನೀನ ಎಪ್ಪತ್ತ ದಾಟಿದಿ. ಅಜ್ಜಗ ನೂರರ ಹತ್ತಿರ ಆಗಿರ್ತಾವ" ಎಂದರು ನಮ್ಮವರು.

"ಮನಷ್ಯಾ ನೂರ ವರ್ಷ ಬದುಕಂಗಿಲ್ಲೇನ?"

ನಮ್ಮವರು ಚೀಲ ಹಿಡಿದು ಬಾಳೆಎಲೆ ತರಲು ಹೊರಟರು.

ಅಮಾವಾಸ್ಯೆಯ ಮಧ್ಯಾಹ್ನ. ಹೋಳಿಗೆ, ಗೋಧಿ ಹುಗ್ಗಿ, ಚವಳಿಕಾಯಿ ಪಲ್ಯ ಎಲ್ಲ ಆಗಿತ್ತು, ವಡೆಯೊಂದು ಬಾಕಿ. ಎಡೆ ಆಗುವ ತನಕ ನಾವು ಬಾಯಿಗೆ ಏನೂ ಹಾಕುವುದಿಲ್ಲ. ನಮ್ಮವರು ಹಾಲ್‌ನಲ್ಲಿ ಗೋಡೆಗುಂಟ ಎಲೆ ಹಾಸಿದರು. ಮಾವನವರಿಗೆ, ಅವರ ತಂದೆ ತಾಯಿಗೆ, ಆಯಿಗೆ ಬಡಿಸಿ ಮುಗಿಸಿದೆ. ಕೊನೆಗೆ ಸಾತಪ್ಪಜ್ಜನ ಎಲೆಯ ಮುಂದೆ ಕೂತು ಅನ್ನಕ್ಕೆ ಸೌಟು ಹಾಕಿದ್ದೇ ತಡ, ಬಿಕ್ಕಳಿಕೆ ಹತ್ತಿತು. ಸಣ್ಣದಲ್ಲ, ಮೈಯೆಲ್ಲ ಎತ್ತಿ ಹಾಕುವಂಥದ್ದು. ನೀರು ಮುಕ್ಕಳಿಸಿದೆ, ಉಸಿರು ಬಿಗಿಹಿಡಿದೆ, ನಿಲ್ಲಲಿಲ್ಲ.

"ಯಾರಪಾ ಇಷ್ಟ ಜೋರ ನೆನಸಾಕತ್ತಾವ್ರು? ನಿಮ್ಮ ತವರಮನ್ಯಾಗ ಇವತ್ತ ಹೋಳಿಗಿ ಮಾಡಿಲ್ಲೇನ?" ಎಂದು ನಮ್ಮವರು ಚೇಷ್ಟೆ ಮಾಡಿದರು. ನನ್ನ ಅವ್ವ, ಅಣ್ಣ, ಅತ್ತಿಗೆ, ಕೊನೆಗೆ ಕೆಳಗಿನ ಮನೆಯ ಮರಾಠಿ ಬಾಯಿ, ಎಲ್ಲರ ಹೆಸರು ಹೇಳಿ ನೋಡಿದರು. ಆಗ ಕುರ್ಚಿಯ ಮೇಲೆ ಕೂತಿದ್ದ ಅತ್ತೆ ಮೆಲ್ಲಗೆ "ಸಾತಪ್ಪ" ಎಂದರು. ಕಡಿದ ಹಾಗೆ ನಿಂತಿತು.

ನಾವು ನಕ್ಕೆವು. ಸೌಟು ಹಿಡಿದೆ. ಮತ್ತೆ ಬಂತು. ಅತ್ತೆ ಮತ್ತೆ ಹೆಸರು ಹೇಳಿದರು, ಮತ್ತೆ ನಿಂತಿತು. ಈ ಸಲ ನಗು ಅಷ್ಟು ಬರಲಿಲ್ಲ. ನಮ್ಮವರಿಗೆ ರೇಗಿತು. "ಇದೆಲ್ಲಾ ನಿನ್ನ ತಲ್ಯಾಗಿನ ಆಟ. ನೀ ಒಳಗ ಹೋಗಿ ವಡಿ ಕರಿ, ನಾ ಬಡಸ್ತೀನಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ನನಗೂ ಅನ್ನಿಸಿತು. ಅಡುಗೆಮನೆಗೆ ಹೋದೆ. ಅಲ್ಲಿಂದ ಹಾಲ್ ಕಾಣುವುದಿಲ್ಲ, ಮೇಲೆ ಫ್ಯಾನಿನ ಸದ್ದು ಬೇರೆ. ವಡೆ ತಟ್ಟಿ ಎಣ್ಣೆಗೆ ಬಿಟ್ಟು, ಮಗುಚಿ ಹಾಕಿದೆ. ಮನಸ್ಸು ಎಣ್ಣೆಯ ಮೇಲೆಯೇ ಇತ್ತು. ಒಮ್ಮೆಲೇ ಬಿಕ್ಕಳಿಕೆ ಬಂದು ವಡೆ ಎತ್ತುವ ಜಾರೆ ಕೈಯಿಂದ ಬಿತ್ತು. ಆ ಸದ್ದಿಗೆ ನಮ್ಮವರು ಬಾಗಿಲಿಗೆ ಬಂದರು. ಕೈಯಲ್ಲಿ ಅನ್ನದ ಸೌಟು. ಮುಖದ ಮೇಲೆ ಚೇಷ್ಟೆ ಇರಲಿಲ್ಲ. "ಈಗಷ್ಟ ಆ ಎಲಿಗೆ ಅನ್ನ ಹಾಕಿದ್ನಿ" ಎಂದರು.

ಹಾಲ್‌ನಿಂದ ಅತ್ತೆಯ ದನಿ ಕೇಳಿತು. ಹೆಸರು ಹೇಳಿದರು. ನಿಂತಿತು.

ಗ್ಯಾಸ್ ಆರಿಸಿ ಮೂವರೂ ಆ ಎಲೆಯ ಮುಂದೆ ಕೂತೆವು. ದೀಪ ಇನ್ನೂ ಹಚ್ಚಿರಲಿಲ್ಲ. "ಅವ್ವಾ, ಅಜ್ಜ ಬ್ಯಾಡ ಅನ್ನಾಕತ್ತಾನ. ಇನ್ನೂ ಅದಾನ. ಎಲಿ ತಗದಬಿಡೂಣು" ಎಂದರು ನಮ್ಮವರು, ಯಾವುದನ್ನೂ ನಂಬದ ಮನುಷ್ಯ.

"ಬ್ಯಾಡ ಅಂತಿರಲಿಕ್ಕಿಲ್ಲೋ. ಹಸದಾನ, ಲಗೂನ ಹಾಕ್ರಿ ಅನ್ನಾಕತ್ತಾನ" ಎಂದರು ಅತ್ತೆ.

ಇಬ್ಬರ ಮಾತೂ ಸರಿ ಎನಿಸಿತು. ಅದೇ ನನ್ನ ಗೊಂದಲ. ಬದುಕಿದ್ದರೆ ಇಡಬಾರದು, ಸತ್ತಿದ್ದರೆ ಇಡದೇ ಇರಬಾರದು. ಬಿಕ್ಕಳಿಕೆ ಎರಡಕ್ಕೂ ಒಂದೇ. ಅತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ನಿನಗೇನ ಅನಸ್ತು ಹೇಳ. ಹಸಿವಿ ಆದಂಗ ಆತೇನ? ಥಂಡಿ ಹತ್ತಿದಂಗ?" ಅವರ ಕಣ್ಣು ನೋಡಿದರೆ ಏನಾದರೂ ಒಂದು ಹೇಳಿಬಿಡೋಣ ಎನಿಸುತ್ತಿತ್ತು. ಆದರೆ ಎದೆ ನೋಯುತ್ತಿದ್ದದ್ದು ಬಿಟ್ಟರೆ ನನಗೆ ಏನೂ ಅನ್ನಿಸಿರಲಿಲ್ಲ. ಹೆದರಿಕೆಯೂ ಇಲ್ಲ, ದುಃಖವೂ ಇಲ್ಲ. ನಾನು ಆ ಮನೆತನದ ರಕ್ತವೂ ಅಲ್ಲ. ಮಗಳು ಎದುರಿಗೇ ಕೂತಿರುವಾಗ ಅಜ್ಜ ನನ್ನನ್ನೇ ಯಾಕೆ ನೆನೆಸಬೇಕು? "ನನಗೇನೂ ತಿಳಿವಲ್ದ್ರಿ ಅತ್ತಿ" ಎಂದೆ.

ಅತ್ತೆ ನನ್ನ ಕೈ ಬಿಟ್ಟರು. ಆಮೇಲೆ ಉಳಿದ ಎಲೆಗಳ ಸಾಲಿನಿಂದ ಆ ಎಲೆಯನ್ನು ಈಚೆಗೆ ಎಳೆದು ನನ್ನ ಮುಂದೆ ಇಟ್ಟರು. "ಇದಕ್ಕ ದೀಪ ಬ್ಯಾಡ. ನೀ ಉಣ್ಣು" ಎಂದರು. ಎಡೆ ಆಗುವ ಮೊದಲು ಉಣ್ಣುವುದು ಹೇಗೆ ಎಂದರೆ, "ಬಂದಾವ್ರಿಗೆ ಮೊದಲ ಹಾಕಬೇಕ" ಎಂದಷ್ಟೇ ಹೇಳಿದರು. ಎದೆನೋವಿನವರು, ನೆಲಕ್ಕೆ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರೂ ಕೇಳದೆ ತಾವೇ ಬಡಿಸಿದರು. ನಾನು ಉಂಡೆ. ಬಿಕ್ಕಳಿಕೆ ಬರಲಿಲ್ಲ. ಅವರು ನನ್ನ ಒಂದೊಂದು ತುತ್ತನ್ನೂ ನೋಡುತ್ತ ಕೂತಿದ್ದರು. ಹೋಳಿಗೆ ಮುಗಿಯುತ್ತ ಬಂದಾಗ ಇನ್ನೊಂದನ್ನು ಕೈಯಲ್ಲಿ ಹಿಡಿದು, "ಇನ್ನೊಂದ ಹಾಕ್ಲೇನ ಅಪ್ಪಾ?" ಎಂದರು.

ನನಗೆ ನೆನಪಿರುವುದು ನಾನು ತಲೆಯಾಡಿಸಿದ್ದು. ಆದರೆ ನಮ್ಮವರು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ, ನಾನು ಎಲೆಯಿಂದ ತಲೆ ಎತ್ತದೆ "ಹಾಕವಾ ಮಗಳ" ಎಂದೆನಂತೆ.

ಅತ್ತೆಗೆ ಮಗಳೇ ಎನ್ನಲು ನನಗೆ ಹುಚ್ಚೇ? ಅವತ್ತು ಸಂಜೆಯೇ ಅವರನ್ನು ಕೇಳಿದೆ, ನಾನು ಹಾಗೆ ಅಂದದ್ದು ಖರೆಯೇ ಎಂದು. "ನೀ ಏನ ಅಂದ್ಯೋ, ನಾ ಏನ ಕೇಳಿದ್ನೋ. ಹೊಟ್ಟಿ ತುಂಬೇತಿಲ್ಲ?" ಎಂದರು. ಯಾರ ಹೊಟ್ಟೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ರಾತ್ರಿ ಅವರು ಗುಳಿಗೆ ಇಲ್ಲದೆ ಬೆಳಗಿನ ತನಕ ನಿದ್ದೆ ಮಾಡಿದರು. ಅದೊಂದು ದಯೆ ಎಂದು ವಿಠೋಬನಿಗೆ ಕೈ ಮುಗಿದೆ. ಆಮೇಲೆ ಅವರು ಇದ್ದಷ್ಟು ವರ್ಷ ಅಪ್ಪನ ಎಲೆಯ ಮಾತು ಎತ್ತಲಿಲ್ಲ, ನಾವೂ ಆ ಎಲೆ ಹಾಕಲಿಲ್ಲ.

ಈಗ ಅತ್ತೆಯೂ ಇಲ್ಲ. ಅವರಿಗೂ ಎಡೆ ಇಡುತ್ತೇವೆ. ಸಾತಪ್ಪಜ್ಜನಿಗೆ ಏನು ಮಾಡಬೇಕೆಂದು ಅವರು ಹೇಳಿ ಹೋಗಲಿಲ್ಲ. ಈ ಸಲದ ಅಮಾವಾಸ್ಯೆಗೆ ನಮ್ಮವರು ಬಾಳೆಎಲೆಯ ಸುರುಳಿ ಬಿಚ್ಚುತ್ತ "ಎಷ್ಟ ಎಲಿ ಹಾಕ್ಲಿ?" ಎಂದು ಕೇಳಿದರು. ನಾನು ಸೌಟು ಹಿಡಿದು ಬಿಕ್ಕಳಿಕೆಗೆ ಕಾಯುತ್ತ ನಿಂತೆ. ಅವರೂ ನನ್ನ ಮುಖ ನೋಡುತ್ತ ನಿಂತರು. ಒಳಗೆ ಅನ್ನ ಆರುತ್ತಿತ್ತು. ನನಗೆ ಬಿಕ್ಕಳಿಕೆ ಬರಲಿಲ್ಲ. ಅದು ಬಂದರೆ ಎಲೆ ಹಾಕಬೇಕೋ, ಬಾರದಿದ್ದರೆ ಹಾಕಬೇಕೋ, ಅಷ್ಟಾದರೂ ಯಾರಾದರೂ ತಿಳಿಸಿ ಹೇಳಿದ್ದರೆ ಸಾಕಿತ್ತು.