ನಾಲ್ಕು ಹತ್ತಕ್ಕೆ ಬಂದ ನಾಮಪತ್ರ

ಹಮೀದಾಕ, ನಿಮ್ಮ ನಾಮಪತ್ರ ತಡವಾಗಿ ಬಂದಿರಲಿಲ್ಲ. ಅದು ನಿಮಗೂ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇದು — ನೀವು ಅದನ್ನು ತರುವ ಎರಡು ದಿನ ಮೊದಲೇ ನಾನು ನಿಮ್ಮ ಹೆಸರನ್ನು ಬಿಟ್ಟುಕೊಟ್ಟಾಗಿತ್ತು.

ಆಗ ನಾನು ಇಲ್ಲಿ ಗಲ್ಫಿನಲ್ಲಿರುವ ನಮ್ಮ ಕರಾವಳಿ ಸಂಘದ ಕಾರ್ಯದರ್ಶಿ. ಸಂಘದ ಚುನಾವಣೆಗೆ ನಾಮಪತ್ರ ಕೊಡಲು ಶುಕ್ರವಾರ ಸಂಜೆ ಐದು ಗಂಟೆ ಗಡುವು. ಸುವೈಕ್‌ನ ಅಂಗಡಿಗೆ ಬಾಗಿಲು ಹಾಕಿ ಅಲ್ ಅಮೇರಾತ್‌ನ ನನ್ನ ಮನೆಗೆ ಬಂದಿರಿ. ಫಾರ್ಮಿನ ಮೂಲೆಯಲ್ಲಿ ಸಮಯ ಬರೆದು ಸಹಿ ಹಾಕಿದವನು ನಾನೇ — ನಾಲ್ಕು ಹತ್ತು. "ನಾನು ಉಪಾಧ್ಯಕ್ಷ ಆದ್ರೆ ಪಿಕ್‌ನಿಕ್ಕಿಗೆ ಬಿರಿಯಾನಿ. ನಿಮ್ಮ ನೀರು ಸಾಂಬಾರು ಸಾಕಾಯ್ತು ಶೆಟ್ರೆ" ಎಂದು ನಕ್ಕಿರಿ. ನಾನೂ ನಕ್ಕೆ. ಚಹಾ ಕೊಟ್ಟೆ.

ನಿಮ್ಮವರು, ಬ್ಯಾರಿ ಮುಸ್ಲಿಮರು, ಸಂಘದಲ್ಲೇ ಇರಬಾರದು ಎನ್ನುವ ಗುಂಪು ದಿನೇಶನದು. ಆ ಗುಂಪೂ ಸ್ಪರ್ಧಿಸಿದರೆ ನಾವು ಹಳಬರು ಸೋಲುತ್ತಿದ್ದೆವು. "ಆ ಬ್ಯಾರಿಯ ಹೆಸರೊಂದು ತೆಗೀರಿ ಮಾರಾಯ್ರೆ. ನಿಮ್ಮೆದುರು ನಾವು ಯಾರನ್ನೂ ನಿಲ್ಸುದಿಲ್ಲ. ಖಲಾಸ್" ಎಂದು ಬುಧವಾರವೇ ಹೇಳಿದ್ದ. ಈ ಒಂದು ಸಲ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿದೆ.

ಮತದಾನ ನಡೆಯಲಿಲ್ಲ. ನಾನು ಅವಿರೋಧವಾಗಿ ಅಧ್ಯಕ್ಷನಾದೆ. ಫಾರ್ಮ್ ತಡವಾಯಿತು ಎಂದು ನಿಮಗೆ ಫೋನ್ ಮಾಡಿದೆ. ನೀವು ಹೇಳಿದಿರಿ: "ಹೌದು ಶೆಟ್ರೆ, ದಾರಿಯಲ್ಲಿ ಟ್ರಾಫಿಕ್ ಇತ್ತಲ್ಲ." ನನ್ನ ಸುಳ್ಳಿಗೆ ಕಾರಣವನ್ನೂ ನೀವೇ ಒದಗಿಸಿದಿರಿ.

ಅದೇ ವರ್ಷದ ಜೂನಿನಲ್ಲಿ ಆಫೀಸಿನ ಫ್ರೆಂಚ್ ಎಂಜಿನಿಯರ್ ಪಿಯೆರ್ ಊಟದ ಡಬ್ಬಿ ತೆರೆಯದೆ ಕುಳಿತಿದ್ದ. ಅವನದು ತಂದೆಯ ಕಾಲದಿಂದಲೂ ಸಂಪ್ರದಾಯವಾದಿ ಪಕ್ಷ. ಆ ಪಕ್ಷದ ಅಧ್ಯಕ್ಷನೇ ಸಂಸತ್ ಚುನಾವಣೆಗಾಗಿ ಕಟ್ಟಾ ಬಲಪಂಥೀಯರ ಜೊತೆ ಕೈಜೋಡಿಸಿದ್ದ. "ಅಪ್ಪ ಆ ಜನರ ಕೈ ಕುಲುಕುತ್ತಿರಲಿಲ್ಲ. ಈಗ ಮೈತ್ರಿ ಕೆಲವೇ ಕ್ಷೇತ್ರಗಳಲ್ಲಂತೆ. ಕೆಲವೇ!" ಎಂದ. ಪಕ್ಷದ ಹಿರಿಯರು ಅಂದೇ ಎದ್ದು ನಿಂತು, ಇದನ್ನು ಒಪ್ಪುವುದಿಲ್ಲ ಎಂದರಂತೆ. ನಮ್ಮಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

"ನಿಮ್ಮಲ್ಲೂ ಹೀಗಾಗುತ್ತದೆಯೇ?" ಎಂದು ಪಿಯೆರ್ ಕೇಳಿದ.

"ಇಲ್ಲ" ಎಂದೆ.

ಈಗ ಎರಡು ವರ್ಷ. ಮೊನ್ನೆ ದಿನೇಶ ಸದಸ್ಯತ್ವ ನವೀಕರಣದ ಪಟ್ಟಿ ತಂದಿಟ್ಟ. ಅದರಲ್ಲಿ ಒಂದೂ ಬ್ಯಾರಿ ಕುಟುಂಬದ ಹೆಸರಿಲ್ಲ. "ಸೈನ್ ಹಾಕಿ ಅಧ್ಯಕ್ಷರೇ. ಹೇಗೆ ಬಂದ್ರಿ ಈ ಕುರ್ಚಿಗೆ ಅಂತ ನೆನಪುಂಟಲ್ಲ?" ಎಂದ. ನೆನಪಿದೆ. ನಾನು ತೆರೆದ ಬಾಗಿಲಿನಿಂದಲೇ ಅವನು ಒಳಗೆ ಬಂದಿದ್ದ.

ಸಹಿ ಹಾಕಿಲ್ಲ. ಅದೇನು ದೊಡ್ಡದಲ್ಲ — ಪಟ್ಟಿ ನಾನಿಲ್ಲದೆಯೂ ಪಾಸಾಗಬಹುದು. ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದೂ ಇಲ್ಲ. ಕೇಳಿದರೆ ನೀವು ಮತ್ತೆ ನನಗೊಂದು ಕಾರಣ ಹುಡುಕಿಕೊಡುತ್ತೀರಿ.

ನಿಮ್ಮ ಫಾರ್ಮ್ ಇನ್ನೂ ನನ್ನಲ್ಲಿದೆ. ಬರುವ ಶುಕ್ರವಾರ ಸಂಘದ ಮಹಾಸಭೆಯಲ್ಲಿ ಎಲ್ಲರೆದುರು ಅದನ್ನು ಓದುತ್ತೇನೆ — ನಿಮ್ಮ ಹೆಸರು, ನನ್ನ ಸಹಿ, ಮೂಲೆಯಲ್ಲಿರುವ ಸಮಯ.