ಊರಿಗೆಲ್ಲ ದಾನ ಕೊಟ್ಟ ಸರ್ಕ್ಯೂಟು

ಆ ಕಾಲದಲ್ಲಿ ಹೊನ್ನಾವರದಲ್ಲಿ ನಾನು ಭಾರೀ ಉದಾರಿ ಎಂಬ ಸುದ್ದಿಯಿತ್ತು. ಸುದ್ದಿ ಹಬ್ಬಿಸಿದವನು ಹೆಚ್ಚಾಗಿ ನಾನೇ. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಟೀವಿ ರಿಪೇರಿ ಅಂಗಡಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಜನ ಹಳೆಯ ಟೀವಿ ರಿಪೇರಿ ಮಾಡಿಸುವುದನ್ನು ಬಿಟ್ಟು ಹೊಸದನ್ನು ತರಲು ಕಲಿತಿದ್ದರು. ನನಗೋ ಪುರುಸೊತ್ತೇ ಪುರುಸೊತ್ತು. ಲೋಕೋದ್ಧಾರದ ಯೋಚನೆ ಬರುವುದು ಇಂಥ ಹೊತ್ತಿನಲ್ಲೇ ನೋಡಿ.

ಒಂದು ಬೆಳಿಗ್ಗೆ ಭಟ್ಕಳದ ಗ್ಯಾರೇಜ್ ಮೇಸ್ತ್ರಿ ಬಂದರು. ನನಗೆ ಹಳೆಯ ಪರಿಚಯ. ಅಂಗೈಯಗಲದ ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿದರು. ಹಳೆಯ ಪೆಟ್ರೋಲ್ ಕಾರಿನ ಇಗ್ನಿಷನ್ ಡಬ್ಬಿ ಅದು. ಪ್ಲಗ್ಗಿಗೆ ಕಿಡಿ ಯಾವಾಗ ಹೋಗಬೇಕೆಂದು ನೋಡಿಕೊಳ್ಳುವುದು ಅದರ ಕೆಲಸ. ಡಬ್ಬಿ ಸತ್ತರೆ ಕಾರೂ ಸತ್ತಂತೆ. ಗಲ್ಫಿನಿಂದ ರಜೆಗೆ ಬಂದವರು ಒಂದು ಕಾಲದಲ್ಲಿ ಆಸೆಪಟ್ಟು ಕೊಂಡ ಆ ಮಾದರಿಯ ಕಾರುಗಳು ಭಟ್ಕಳದಿಂದ ಕುಮಟೆಯವರೆಗೂ ಕೈಬದಲಾಗಿ ಇನ್ನೂ ಓಡುತ್ತಿದ್ದವು. ಕಂಪನಿ ಮಾತ್ರ ಆ ಕಾರನ್ನೂ ಡಬ್ಬಿಯನ್ನೂ ಮರೆತು ಆರಾಮಾಗಿತ್ತು. ಡಬ್ಬಿ ಕೇಳಲು ಹೋದರೆ ಶೋರೂಮಿನವರು ಚಾ ಕುಡಿಸಿ, ಹೊಸ ಕಾರಿನ ಬಣ್ಣದ ಕಾಗದ ಕೈಗಿಟ್ಟು ಕಳಿಸುತ್ತಿದ್ದರಂತೆ. ಉಪ್ಪುಗಾಳಿಗೆ ಒಂದೊಂದೇ ಡಬ್ಬಿ ಕೈಕೊಡುತ್ತಿತ್ತು.

"ಬಿಚ್ಚಿ ನೋಡಿ ಭಾಯ್. ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

ಬಿಚ್ಚಿದರೆ ಒಳಗೆಲ್ಲ ಕಲ್ಲಿನಂತೆ ಗಟ್ಟಿಯಾದ ಕಪ್ಪು ಅಂಟು. ಯಾರೂ ನೋಡಬಾರದೆಂದು ಸರ್ಕ್ಯೂಟನ್ನೇ ಅದರಲ್ಲಿ ಹೂತುಬಿಟ್ಟಿದ್ದರು. ಮೂರು ವಾರ ಕೆರೆದೆ. ಕೆರೆಯುತ್ತಾ ಆ ಡಬ್ಬಿ ಮಾಡಿದವರಿಗೆ ಮನಸಾರೆ ಶಾಪ ಹಾಕಿದೆ. ಕಲಿತ ವಿದ್ಯೆಯನ್ನು ಹೀಗೆ ಮುಚ್ಚಿಡುವವರು ಮನುಷ್ಯರೇ ಎಂದು ಹೋದವರ ಬಂದವರ ಹತ್ತಿರವೆಲ್ಲ ಕೇಳಿದೆ. ಕೊನೆಗೆ ಅದರ ಗೊಡವೆಯೇ ಬೇಡವೆಂದು ನನ್ನದೇ ಒಂದು ಸರ್ಕ್ಯೂಟು ಬರೆದೆ. ಅದರ ಸಾಮಾನೆಲ್ಲ ಹುಬ್ಬಳ್ಳಿಯಲ್ಲಿ ಸಿಗುವಂಥದ್ದೇ. ಭಟ್ಕಳದ ಗ್ಯಾರೇಜಿನಲ್ಲಿ ಜೋಡಿಸಿ ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್! ಮಂಕಿಯವರೆಗೂ ಹೋಗಿ ಬಂದೆವು. ನಾನು ಸೀಟಿನಲ್ಲಿ ಕೂತ ಠೀವಿ ನೋಡಿದ್ದರೆ ಕಾರೆಂಬುದನ್ನು ಕಂಡುಹಿಡಿದವನೇ ನಾನು ಎಂದುಕೊಳ್ಳಬೇಕಿತ್ತು.

ಅದೇ ಹೊತ್ತಿಗೆ ಹೊನ್ನಾವರಕ್ಕೆ ಸೈಬರ್ ಕೆಫೆ ಬಂದಿತ್ತು. ಪುಟ ತೆರೆದುಕೊಳ್ಳುವಷ್ಟರಲ್ಲಿ ಹೊರಗೆ ಹೋಗಿ ಚಾ ಕುಡಿದು ಬರಬಹುದಿತ್ತು. ಅಲ್ಲಿ ಓದಿದೆ: ಹೊರದೇಶದಲ್ಲಿ ಕೆಲವರು ತಾವು ಮಾಡಿದ ಸರ್ಕ್ಯೂಟನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರಂತೆ, ಯಾರು ಬೇಕಾದರೂ ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೆ ಓಪನ್ ಸೋರ್ಸ್ ಎಂದು ಹೆಸರು. ನನಗೆ ಮೈ ಜುಂ ಎಂದಿತು. ಹೊನ್ನಾವರದಲ್ಲಿ ಇಂಥ ಮಹಾನುಭಾವ ಇನ್ನೂ ಹುಟ್ಟಿರಲಿಲ್ಲ, ಜಾಗ ಖಾಲಿಯಿತ್ತು.

ಸರ್ಕ್ಯೂಟನ್ನು ನೀಟಾಗಿ ಬಿಡಿಸಿ, ಕೆಳಗೆ "ಇದು ಎಲ್ಲರದ್ದು. ಮಾಡಿಕೊಳ್ಳಿ, ಇನ್ನೊಬ್ಬರಿಗೂ ಕೊಡಿ" ಎಂದು ನನ್ನ ಅಂಗಡಿಯ ವಿಳಾಸದೊಂದಿಗೆ ಬರೆದು ಜೆರಾಕ್ಸ್ ಮಾಡಿಸಲು ಹೊರಟೆ. ಆಗ ಅಂಗಡಿಗೆ ಬಂದಿದ್ದ ಮೇಸ್ತ್ರಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಲ್ಲಾ ಬರ್ದಿದ್ದೀರಾ ಭಾಯ್?"

"ಎಲ್ಲಾ."

"ಈ ಕಾರು ಬಾಡಿಗೆಗೆ ಬಿಟ್ಕೊಂಡು ಊಟ ಮಾಡೋರೂ ಇದ್ದಾರೆ. ಕೊಡೂದಾದ್ರೆ ಸಮ ಕೊಡಿ. ಇಲ್ಲಾಂದ್ರೆ ಕೊಡೂದೇ ಬೇಡ."

ಅವರಿಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ನಮ್ಮ ಕಸುಬಿನ ರಿವಾಜೇ ಹಾಗೆ. ರಿಪೇರಿ ಮುಗಿದ ಮೇಲೆ ಐಸಿ ಎಂಬ ಚಿಪ್ಪಿನ ಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದು ಅಳಿಸಿಬಿಡುವುದು. ಆಮೇಲೆ ಗಿರಾಕಿ ಬೇರೆ ಅಂಗಡಿಗೆ ಹೋದರೆ ಅಲ್ಲಿಯ ರಿಪೇರಿಯವನು ತಲೆ ಕೆರೆದುಕೊಳ್ಳಬೇಕು. ನನಗೆ ಕೆಲಸ ಕಲಿಸಿದವರು ಬೆಸುಗೆ ಹಾಕಲು ಹೇಳಿಕೊಡುವ ಮೊದಲೇ ಬ್ಲೇಡು ಹಿಡಿಯಲು ಹೇಳಿಕೊಟ್ಟಿದ್ದರು. ಆ ಕೈ ಸುಮ್ಮನಿರುತ್ತದೆಯೇ? ಲೋಕಕ್ಕೆಲ್ಲ ಬಿಟ್ಟುಕೊಡುವ ಆ ಕಾಗದದಲ್ಲಿ ನಲವತ್ತೇಳು ಓಮ್ ಎಂದಿರಬೇಕಾದ ಒಂದು ರೆಸಿಸ್ಟರಿಗೆ ನಾನು ನಾನೂರ ಎಪ್ಪತ್ತು ಎಂದು ಬರೆದಿದ್ದೆ. ಒಂದೇ ಒಂದು ಸೊನ್ನೆ ಜಾಸ್ತಿ. ಅಷ್ಟಕ್ಕೆ ಕಾರು ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡುತ್ತದೆ, ಡಬ್ಬಿ ಕಾದ ಕೂಡಲೇ ನಿಲ್ಲುತ್ತದೆ. ತೊಡಕಿನಲ್ಲಿ ಸಿಕ್ಕಿಕೊಂಡವರು ನನ್ನ ಹತ್ತಿರವೇ ಬರಲಿ, ಬಂದರೆ ಹೇಳೋಣ ಎಂಬುದು ನನ್ನ ಲೆಕ್ಕ. ಕೊಟ್ಟ ಹೆಸರೂ ಬರಬೇಕು, ಜನ ಕೇಳಿಕೊಂಡೂ ಬರಬೇಕು.

ಯಾರೂ ಬರಲಿಲ್ಲ. ಕಾಗದ ಮಾತ್ರ ಜೆರಾಕ್ಸ್ ಅಂಗಡಿಗಳ ಮೂಲಕ ಕುಮಟೆ ದಾಟಿತ್ತಂತೆ. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಸುಮಾರು ಒಂದು ವರ್ಷದ ಮೇಲೆ, ಐವತ್ತರ ಆಸುಪಾಸಿನ ಒಬ್ಬರು ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ರಿಪೇರಿ ಅಂಗಡಿಗೆ ಚಪ್ಪಲಿ ಬಿಟ್ಟು ಬರುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತದಡಿಯವರು. ಅಲ್ಲಿಂದ ಕುಮಟೆಗೆ ಬಾಡಿಗೆ ಕಾರು ಓಡಿಸುವುದು ಅವರ ಜೀವನ. ಅದೇ ಹಳೆಯ ಮಾದರಿಯ ಕಾರು. ಪ್ಲಾಸ್ಟಿಕ್ ಕವರಿನಿಂದ ನನ್ನ ಕಾಗದ ತೆಗೆದರು. ಜೆರಾಕ್ಸಿನ ಜೆರಾಕ್ಸು, ಗೆರೆಗಳು ಮಾಸಿಹೋಗಿದ್ದವು. ಆಮೇಲೆ ಕೈಚೀಲದಿಂದ ಒಂದೊಂದಾಗಿ ಏಳು ಸರ್ಕ್ಯೂಟು ಬೋರ್ಡು ತೆಗೆದು ಸಾಲಾಗಿ ಇಟ್ಟರು.

"ಏಳು ಸಲ ಮಾಡ್ದೆ. ಎಲ್ಲಾ ಸಲವೂ ಬಿಸಿ ಆದ ಮೇಲೆ ನಿಲ್ತದೆ. ಆಸ್ಪತ್ರೆಗೆ ಹೋಗೋರನ್ನ ಹತ್ತಿಸ್ಕೊಂಡು ದಾರಿ ಮಧ್ಯ ನಿಂತ್ರೆ ಎಂತ ಮಾಡೂದು ಹೇಳಿ. ಕಡೆಗೆ ಜನ ಹತ್ತೂದೇ ಬಿಟ್ರು."

ಮೊದಲನೆಯ ಬೋರ್ಡು ಕಾಗೆಗೂಡಿನ ಹಾಗಿತ್ತು. ಏಳನೆಯದು ನನ್ನ ಕೆಲಸಕ್ಕಿಂತ ಚೊಕ್ಕವಾಗಿತ್ತು. ಬೆಸುಗೆಯ ಒಂದೊಂದು ಹನಿಯೂ ಮಿರಮಿರ ಮಿಂಚುತ್ತಿತ್ತು. ಹಿಂದೆಂದೂ ಬೆಸುಗೆ ಕಡ್ಡಿಯನ್ನೇ ಹಿಡಿಯದಿದ್ದ ಮನುಷ್ಯ ಬರೀ ಆ ಕಾಗದವನ್ನು ನಂಬಿ ಇಷ್ಟು ಕಲಿತಿದ್ದರು.

"ಇಲ್ಲಿಗೆ ಮೊದ್ಲೇ ಬರಬಹುದಿತ್ತಲ್ಲ ಮಾರಾಯ್ರೆ?"

"ಪುಕ್ಕಟೆ ಕೊಟ್ಟಿದ್ದೀರಿ. ಮತ್ತೂ ಬಂದು ತಲೆ ತಿನ್ನೂದಾ? ನಾಚಿಕೆ ಆತು. ಕಾಗದ ತಪ್ಪಿರೂದಿಲ್ಲ, ನನ್ನ ಕೈಯೇ ಸಮ ಇಲ್ಲ ಅಂದ್ಕೊಂಡೆ."

ತಪ್ಪು ಅವರ ಕೈಯದ್ದಲ್ಲ, ನನ್ನ ಸೊನ್ನೆಯದ್ದು ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ನನ್ನ ಜಾಣತನ ಸತ್ತಿರಲಿಲ್ಲ. ಸದ್ದಿಲ್ಲದೆ ಒಂದು ರೆಸಿಸ್ಟರು ಬದಲಾಯಿಸಿ ಕಳಿಸಿದರೆ ಮುಗಿಯಿತು, ಗೊತ್ತೇ ಆಗುವುದಿಲ್ಲ ಎಂದುಕೊಂಡೆ. ಏಳನೆಯ ಬೋರ್ಡನ್ನು ಎತ್ತಿಕೊಂಡು, "ಈಗಲೇ ಸಮ ಮಾಡ್ತೆ. ಕಾರು ಎಲ್ಲಿ ನಿಲ್ಸಿದ್ದೀರಿ?" ಎಂದೆ.

"ಕಾರೆಲ್ಲಿ ಈಗ? ಹೋದ ತಿಂಗ್ಳು ಗುಜರಿಗೆ ಕೊಟ್ಟೆ. ಬಸ್ಸಿಗೆ ಬಂದೆ."

ಎತ್ತಿಕೊಂಡ ಬೋರ್ಡನ್ನು ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಕಾರು ಹೋತು, ಹೋಗ್ಲಿ. ಕೈ ಎಲ್ಲಿ ತಪ್ತು ಅಂತ ಒಂದ್ಸಲ ಹೇಳಿಬಿಡಿ. ಅದೇ ತಲೆಯಲ್ಲಿ ಕೂತುಬಿಟ್ಟಿದೆ."

ಹೇಳಿದೆ. ಬೇಕೆಂದೇ ಬರೆದದ್ದು ಎಂದೂ ಹೇಳಿದೆ. ಬೈಯುತ್ತಾರೆ, ಕಾಲರು ಹಿಡಿಯುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಹಿಡಿಯಲಿ ಎಂದೇ ಆಸೆಪಟ್ಟೆ. ಅವರು ಏಳು ಬೋರ್ಡುಗಳನ್ನೂ ಒಂದೊಂದಾಗಿ ಎತ್ತಿ ನೋಡಿದರು. ನೋಡಿ ಚೀಲದೊಳಗೆ ಇಟ್ಟರು. ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿದರು.

"ಇದನ್ನ ಸಮ ಮಾಡಿ ಕೊಡಿ. ಕುಮಟೆಯಲ್ಲಿ ಇಬ್ರು ಮಾಡ್ತಾ ಇದ್ದಾರೆ. ಅವ್ರ ಕಾರು ಇನ್ನೂ ಉಂಟು."

ಸೊನ್ನೆಯನ್ನು ಹೊಡೆದುಹಾಕಿ ಕೊಟ್ಟೆ. ಅವರು ಕಾಗದ ಮುಟ್ಟಲಿಲ್ಲ.

"ತಪ್ಪು ನಿಮ್ದು ಅಂತ ಕೆಳಗೆ ಬರೀರಿ. ಇಲ್ದಿದ್ರೆ ಅವ್ರೂ ನನ್ನ ಹಾಗೆ ತಮ್ಮ ಕೈಯನ್ನೇ ನೋಡ್ಕೊಳ್ತಾ ಕೂತ್ಕೊಳ್ತಾರೆ."

ಬರೆದೆ. ಅವರು ಕಾಗದ ಎತ್ತಿ ಬೆಳಕಿಗೆ ಹಿಡಿದು ಓದಿ, ಮತ್ತೆ ಮೇಜಿನ ಮೇಲೆ ಇಟ್ಟರು.

"ಇನ್ನೂ ದೊಡ್ಡದಾಗಿ ಬರೀರಿ," ಎಂದರು. "ಜೆರಾಕ್ಸಲ್ಲಿ ಕಾಣೂದಿಲ್ಲ."