ಶಿವವ್ವನ ಕೋಣೆಗೆ ಬಂದ ಪ್ರಿಂಟರ್

ಶಿವವ್ವನ ಕಿವಿ ಪೂರ್ತಿ ಹೋಗಿ ವರ್ಷಗಳಾಗಿದ್ದವು. ಕುತೂಹಲ ಮಾತ್ರ ಚೂರೂ ಹೋಗಿರಲಿಲ್ಲ. ಮಗ ಬಸವಂತನ ಜೊತೆ ರೋಣದಿಂದ ಬೆಂಗಳೂರಿನ ಬಿಟಿಎಂ ಲೇಔಟಿಗೆ ಬಂದವಳು, ಬಾಡಿಗೆಯ ಮಹಡಿ ಮನೆಯ ಕಿಟಕಿಯಲ್ಲಿ ಕೂತು, ಯಾರ ಮನೆಗೆ ಗ್ಯಾಸ್ ಬಂತು, ಯಾರ ಸ್ಕೂಟರ್ ಕೆಟ್ಟಿತು ಎಂಬುದನ್ನೆಲ್ಲ ಕಣ್ಣಲ್ಲೇ ತಿಳಿದುಕೊಳ್ಳುತ್ತಿದ್ದಳು.

ತಿಳಿಯದೆ ಉಳಿದದ್ದು ಒಂದೇ. ಹಿಂದಿನ ತಿಂಗಳು ಊರಲ್ಲಿ ಅಕ್ಕ ಯಲ್ಲವ್ವ ತೀರಿಕೊಂಡಿದ್ದಳು. ಮಂಡಿ ನೋವಿನಿಂದ ಶಿವವ್ವನಿಗೆ ಹೋಗಲಾಗಲಿಲ್ಲ. ಮಣ್ಣು ಮುಗಿಸಿ ಬಂದ ಬಸವಂತ ಅವ್ವನ ಕಿವಿಯ ಹತ್ತಿರ ಏನೇನೋ ಕೂಗಿ, ಕೊನೆಗೆ ಸೋತು ಕೈಚೆಲ್ಲಿದ. ಸಾಯುವ ಮುಂಚೆ ಅಕ್ಕ ತನ್ನನ್ನು ನೆನೆದಳೇ? ಕೇಳಿದಾಗಲೆಲ್ಲ ಮನೆಯವರು ತಲೆಯಾಡಿಸುತ್ತಿದ್ದರು. ಅದು ಹೌದೆಂದೋ, ಸುಮ್ಮನಿರು ಎಂದೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಸವಂತ ಊರಿಂದ ತಂದ ಗುರೆಳ್ಳು ಚಟ್ನಿಪುಡಿ ತಿಂದು, "ಉಪ್ಪು ಜಾಸ್ತಿ ಆಗೇತಿ, ಯಾರು ಮಾಡ್ಯಾರ?" ಎಂದು ಅವಳು ಕೇಳಿದಾಗಲೂ ಅದೇ ತಲೆಯಾಟ.

ಕೆಳಗಿನ ಅಂಗಡಿಯಲ್ಲಿ ಸೊಸೆ ಅನ್ನಪೂರ್ಣ ಟೈಪಿಂಗ್, ಡಿಟಿಪಿ ಕೆಲಸ ನಡೆಸುತ್ತಿದ್ದಳು. ಮನೆ ತುಂಬ ಕಾಗದ. ಆದರೂ ನಾಲ್ಕನೇ ಇಯತ್ತೆ ಓದಿದ ಮುದುಕಿಗೆ ಎರಡು ಸಾಲು ಬರೆದು ತೋರಿಸೋಣವೆಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಆಗಲೇ ಅನ್ನಪೂರ್ಣ ಹೊಸ ಕಂಪ್ಯೂಟರ್ ತಂದದ್ದು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲ ಮೂತಿಯ ಕೇಬಲ್ ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ. ಕಾರ್ಬನ್ ಇಟ್ಟು ಬಿಲ್ ಹೊಡೆಯಲು ಆ ಪ್ರಿಂಟರೇ ಬೇಕು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯವನು ಸೋಪಿನ ಡಬ್ಬಿಯಷ್ಟಿದ್ದ ಒಂದು ನೆಟ್‌ವರ್ಕ್ ಅಡಾಪ್ಟರ್ ಕೊಟ್ಟ.

"ಇದನ್ನ ಪ್ರಿಂಟರ್ ಹಿಂದೆ ಹಾಕಿ ಕಂಪ್ಯೂಟರಿಗೆ ವೈರ್ ಎಳ್ಕೊಳ್ಳಿ ಮೇಡಂ. ಪಕ್ಕದಲ್ಲೇ ಇಟ್ಕೋಬೇಕು ಅಂತೇನಿಲ್ಲ."

ಅದು ಅನುಕೂಲವೇ ಆಯಿತು. ಅಂಗಡಿಯ ಪಕ್ಕದಲ್ಲೇ ಇದ್ದ ಮನೆ ಮಾಲೀಕ ಪಿಳ್ಳಪ್ಪನವರು ಪ್ರಿಂಟರಿನ ಕರಕರ ಸದ್ದು ತಾಳದೆ, "ಏನಮ್ಮಾ, ಅಂಗ್ಡೀಲಿ ರಾಗಿ ಮಿಷನ್ ಇಟ್ಟಿದೀಯಾ?" ಎಂದು ಆಗಾಗ ರೇಗುತ್ತಿದ್ದರು.

"ಮ್ಯಾಲೆ ಅತ್ತಿ ಖೋಲ್ಯಾಗ ಇಡೂಣ್ರಿ," ಎಂದಳು ಅನ್ನಪೂರ್ಣ ಗಂಡನಿಗೆ. "ಅವರಿಗೆ ಹ್ಯಾಂಗೂ ಕೇಳೂದಿಲ್ಲ."

ಪ್ರಿಂಟರ್ ಶಿವವ್ವನ ಕೋಣೆಯ ಮೇಜಿಗೇರಿತು, ನೀಲಿ ವೈರು ಕಿಟಕಿಯಿಂದ ಒಳಬಂತು. ಎಲ್ಲರೂ ಕೆಳಗೆ ಹೋದ ಮೇಲೆ ಶಿವವ್ವ ಅಡಾಪ್ಟರನ್ನು ಮುಟ್ಟಿ ನೋಡಿದಳು, ಮಿಣಮಿಣ ಎನ್ನುವ ಹಸಿರು ದೀಪಕ್ಕೆ ಬೆರಳು ಅಡ್ಡ ಹಿಡಿದಳು. ಅಷ್ಟರಲ್ಲಿ ಪ್ರಿಂಟರ್ ತಾನೇ ತಾನಾಗಿ ನಡುಗಿತು. ಕಾಗದದ ಮೇಲೆ ಬರೀ ಚೌಕ, ಗೀಟು, ಹಲ್ಲಿ ಹೆಜ್ಜೆ. ಇದನ್ನು ಬರೆಯುತ್ತಿರುವವರು ಯಾರು? ಬಗ್ಗಿ ಮೇಜಿನ ಕೆಳಗೂ ನೋಡಿದಳು.

ಕೆಳಗೆ ಅನ್ನಪೂರ್ಣ ಅಭ್ಯಾಸಬಲದಿಂದ, "ಅತ್ತೀ, ಅಕ್ಷರ ಸರಿ ಬಂದಾವೇನ್ರಿ?" ಎಂದು ಕೂಗಿ ನಾಲಿಗೆ ಕಚ್ಚಿಕೊಂಡಳು. ಕಂಪ್ಯೂಟರಿನಲ್ಲಿ ಪ್ರಿಂಟರಿನ ಹೆಸರು ತಪ್ಪಾಗಿ ಆರಿಸಿದ್ದು ಕಣ್ಣಿಗೆ ಬಿತ್ತು. ಸರಿಪಡಿಸಿ, ಅದೇ ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಟೈಪ್ ಮಾಡಿ ಕಳಿಸಿದಳು.

ಮೇಲೆ ಶಿವವ್ವ ನಡುಗುವ ಪ್ರಿಂಟರಿನ ಮೇಲೆ ಅಂಗೈ ಇಟ್ಟಿದ್ದಳು. ಕಾಗದ ಮೇಲೇರಿತು. ಅಕ್ಷರ ಕೂಡಿಸಿ ಓದಿದಳು. ತನ್ನನ್ನೇ ಕೇಳಿದ ಪೂರ್ತಿ ಮಾತು! ಒಂದು ಪದವನ್ನೂ ಊಹಿಸಬೇಕಾಗಿಲ್ಲದ ಮಾತು ಅವಳಿಗೆ ಸಿಕ್ಕು ಎಷ್ಟು ಕಾಲವಾಗಿತ್ತೋ.

ಸಂತೋಷಕ್ಕೆ ಮಂಡಿ ನೋವು ಮರೆತು, ಕಾಗದ ಹಿಡಿದು ಮೆಟ್ಟಿಲಿಳಿದಳು.

"ಬಂದಾವ. ದುಂಡಗ ಬಂದಾವ," ಎಂದಳು ಸೊಸೆಗೆ. "ಇನ್ನೊಂದು ಕಳಸು. ನಮ್ಮಕ್ಕ ಸಾಯೋ ಮುಂದ ನನ್ನ ಹೆಸರು ತಗೊಂಡ್ಳೇನು?"

ಅನ್ನಪೂರ್ಣಳ ಮುಖ ಸಪ್ಪಗಾಯಿತು. ಬಸವಂತ ಬಂದು ಅವಳ ಕುರ್ಚಿಯ ಹಿಂದೆ ನಿಂತು ಹೇಳತೊಡಗಿದ. ಅವಳು ಟೈಪ್ ಮಾಡಿದಳು. ಶಿವವ್ವ ಆಗಲೇ ಗೋಡೆ ಹಿಡಿದು ಮಹಡಿ ಹತ್ತುತ್ತಿದ್ದಳು.

ಪ್ರಿಂಟರ್ ಸಾಲು ಸಾಲಾಗಿ ಹೇಳಿತು: "ಯವ್ವಾ, ದೊಡ್ಡವ್ವಗ ಕಡೀಕ ಮಾತು ನಿಂತಿತ್ತಂತ. ಅದಕ್ಕೂ ಮೊದಲ ಎದ್ದು ಕುಂತು ಗುರೆಳ್ಳು ಹುರದು ತನ್ನ ಕೈಯಾರ ಪುಡಿ ಮಾಡಿ, ಇದು ನಮ್ಮ ಶಿವಿಗೆ ಮುಟ್ಟಸ್ರಿ ಅಂದ್ಳಂತ. ನಾ ತಂದ ಚಟ್ನಿಪುಡಿ ಡಬ್ಬಿ ಅದೇ. ಕೂಗಿ ಹೇಳಿದ್ದೆ, ನಿನಗ ತಿಳೀಲಿಲ್ಲ."

ಶಿವವ್ವ ಅಡುಗೆಮನೆಗೆ ಹೋಗಿ ಡಬ್ಬಿ ತೆರೆದಳು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ತುಂಬಿ ಬಂತು. ಅಕ್ಕನ ಕೈ ಯಾವಾಗಲೂ ಉಪ್ಪಿಗೆ ಸ್ವಲ್ಪ ಜೋರು. ತಿಂದ ದಿನವೇ ತನಗೆ ಅದು ಹೇಗೆ ಹೊಳೆಯಲಿಲ್ಲ?